ಕವಳ ಉಗಿದು ಬಂದು ಬೈದದ್ದು

ಜೂನ್ 9, ಸೋಮವಾರ

ಡಬ್ಬಿ ಕಟ್ಟಿದ್ದು, ಸ್ಕೂಲಿಗೆ ಓಡಿದ್ದು, ಎಂಟನೇ ಕ್ಲಾಸಿನ ಟೆಸ್ಟ್ ಪೇಪರ್ ತಿದ್ದಿದ್ದು... ನಡುವೆ ಮಗಳ ಕಾಲೇಜಿನಿಂದ ಫೋನ್. ಸಮೃದ್ಧಿ ಸಿಗರೇಟ್ ಸೇದುತ್ತಿದ್ದಳಂತೆ. ಬ್ಯಾಗಿನ ಜ್ಯೂಸ್ ಬಾಟಲಿಯಲ್ಲಿ ವೋಡ್ಕಾ. ಹದಿನಾರು ವರ್ಷ.

ಸಂಜೆ ಇವರಿಗೆ ಹೇಳಿದೆ. ಬಾಯಿ ತುಂಬ ಕವಳ — ಎಲೆ, ಅಡಿಕೆ, ಹೊಗೆಸೊಪ್ಪು. ಬೈಯಲು ಬಾಯಿ ತೆರೆಯಲಾಗಲಿಲ್ಲ. ಹೊರಗೆ ಹೋಗಿ ಉಗಿದು ಬಂದು, "ನಮ್ಮನೆಲಿ ಯಾರಿಗಾದ್ರೂ ಚಟ ಇದ್ದಾ?"

ಸಮೃದ್ಧಿ ನಕ್ಕಳು. ಹೊಡೆದರು.

ಜೂನ್ 10

ಸಮೃದ್ಧಿ ನಾಲ್ಕು ವರ್ಷದವಳಿದ್ದಾಗ, ಯಾರದೋ ಉಪನಯನದ ಊಟವಾದ ಮೇಲೆ, ಕವಳದ ಬಟ್ಟಲಿನಿಂದ ಹೊಗೆಸೊಪ್ಪು ಎತ್ತಿ ಬಾಯಿಗೆ ಹಾಕಿಕೊಂಡು ವಾಂತಿ ಮಾಡಿದ್ದಳು. ಆಮೇಲೆ ಪ್ರತಿ ಮದುವೆಯಲ್ಲೂ ಇವರು ಅದನ್ನೇ ಹೇಳಿ ನಗಿಸುತ್ತಿದ್ದರು. "ಕೂಸು ರಾಶಿ ಚುರುಕಿದ್ದು!" ಬಾವಿಕಟ್ಟೆ ಹತ್ತಿದ್ದು, ಸ್ಕೂಟಿ ಸ್ಟಾರ್ಟ್ ಮಾಡಿ ಬೇಲಿಗೆ ನುಗ್ಗಿದ್ದು — ಎಲ್ಲ ಜೋಕ್. ದೊಡ್ಡವಳಾಗುತ್ತ ಅವಳೇ ನೆಂಟರೆದುರು ಅಭಿನಯಿಸಿ ತೋರಿಸಿದಳು.

ಇಂಪಲ್ಸಿವ್, ಹಿಂದುಮುಂದು ಯೋಚಿಸದೆ ನುಗ್ಗುವ ಸ್ವಭಾವ — ಸ್ಟಾಫ್ ರೂಮಿನಲ್ಲಿ ಬೇರೆಯವರ ಮಕ್ಕಳಿಗೆ ಬಳಸುವ ಪದ. ಇವಳಿಗೆ ಬಳಸಿದರೆ ಅದು ಕಾರಣವೋ, ನೆಪವೋ? ಚುರುಕು ಮಕ್ಕಳೆಲ್ಲ ಕುಡಿಯುವುದಿಲ್ಲವಲ್ಲ.

ಜೂನ್ 17

ಹುಬ್ಬಳ್ಳಿಯಲ್ಲಿ ಮಕ್ಕಳ ಮನೋವೈದ್ಯರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಶನಿವಾರ.

ಇವರು ಕೂಗಾಡಿದರು. "ಹುಚ್ಚಿನ ಡಾಕ್ಟ್ರಾ? ನಾಳೆ ಇದ್ರ ಯಾರು ಮದುವೆ ಆಗ್ತ? ಯಲ್ಲಾಪುರಕ್ಕೆ, ಪರಿಮಳಾ ಮನೆಗೆ ಬಿಟ್ಟಿಕ್ಕಿ ಬಾ. ಅಲ್ಲಿ ಯಾರಿಗೂ ಗೊತ್ತಾಗ್ತಿಲ್ಲೆ."

ಪರಿಮಳಾ, ಇವರ ತಂಗಿ, ಒಪ್ಪಿದ್ದಾಳೆ. ಯಾರಿಗೂ ಗೊತ್ತಾಗದಿದ್ದರೆ ವಾಸಿಯಾದಂತೆ, ಈ ಮನೆಯಲ್ಲಿ.

ಜೂನ್ 21, ಬೆಳಿಗ್ಗೆ 9.30, ಯಲ್ಲಾಪುರ ಬಸ್ ಸ್ಟ್ಯಾಂಡ್

ಇವರಿಗೆ ಪರಿಮಳಾ ಮನೆಗೆಂದು ಹೇಳಿ ಹೊರಟದ್ದು; ಹುಬ್ಬಳ್ಳಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಮೃದ್ಧಿ ಹತ್ತಿಲ್ಲ. ಕಿಟಕಿಯ ಕೆಳಗೆ ನಿಂತಿದ್ದಾಳೆ.

"ಅಪ್ಪಂಗೆ ಗೊತ್ತಿದ್ದಾ?"

"ಇಲ್ಲೆ."

"ಗೊತ್ತಾದ್ರೆ ನಿನ್ನ ಮನೆಗೆ ಸೇರಿಸ್ತ್ನಿಲ್ಲೆ, ಆಯಿ."

"ಅದು ಯನ್ನ ತಲೆಬಿಸಿ. ನೀ ಹತ್ತು."

"ಸ್ವಲ್ಪ ಯೋಚ್ನೆ ಮಾಡ್ಲಾ?"

ಹುಟ್ಟಿದ ಮೇಲೆ ಮೊದಲ ಸಲ ಯೋಚಿಸಲು ಹೊರಟಿದ್ದಾಳೆ. ಈಗ, ಇಲ್ಲಿ!

"ಹುಬ್ಬಳ್ಳಿ ಹತ್ರಿ, ಹತ್ರಿ!" ಕಂಡಕ್ಟರ್ ಕೂಗುತ್ತಿದ್ದಾನೆ. ಪರಿಮಳಾಳ ಮೆಸೇಜ್ — ಕಾರು ತಂದು ಸ್ಟ್ಯಾಂಡಿನ ಗೇಟಿನಲ್ಲಿ ಕಾಯುತ್ತಿದ್ದಾಳಂತೆ. ಸಮೃದ್ಧಿಗೂ ಕಾರು ಕಂಡಿತು. ಇಳಿದು ಕೈ ಹಿಡಿದು ಎಳೆದು ತರಬಹುದು. ಎಳೆದು ತಂದವಳು ಡಾಕ್ಟರ ಎದುರು ಬಾಯಿ ಬಿಡುತ್ತಾಳೆಯೆ?

ಇಂಜಿನ್ ಸ್ಟಾರ್ಟ್ ಆಯಿತು. ಬ್ಯಾಗ್ ಹೆಗಲಿಗೆ ಹಾಕಿಕೊಂಡಳು. ತಿರುಗಿದಳು, ಬಸ್ಸಿನ ಬಾಗಿಲಿಗೋ, ಗೇಟಿಗೋ —