ಪಕ್ಕದ ತೂತಿನ ಬುಶ್

ಚಾಮರಾಜಪೇಟೆ
೧೪-೬-೧೯೯೬

ಅಮ್ಮನಿಗೆ ವೈಜಯಂತಿಯ ನಮಸ್ಕಾರ.

ಮೈಸೂರಲ್ಲಿ ಅಕ್ಕ, ಮಗು ಹುಷಾರಾಗಿದ್ದಾರಾ? ಇಲ್ಲಿ ನಾನು ಅಪ್ಪನ ಫಿಯಟ್‌ಗೆ ಸ್ಪಾರ್ಕ್ ಪ್ಲಗ್ ಹಾಕೋಕೆ ಹೋಗಿ, ಜಾಸ್ತಿ ಬಿಗಿದು, ಇಂಜಿನ್ನಲ್ಲಿ ಪ್ಲಗ್ ಕೂರೋ ತೂತಿನ ಥ್ರೆಡ್ಡನ್ನೇ, ಅಂದ್ರೆ ತಿರುಪಿನ ಸುತ್ತನ್ನೇ, ಕೆಡಿಸಿಬಿಟ್ಟೆ. ಕಾಟನ್‌ಪೇಟೆಯ ಮೆಕ್ಯಾನಿಕ್ ನಾರಾಯಣಪ್ಪನವರು ಆ ತೂತನ್ನು ದೊಡ್ಡದು ಮಾಡಿ, ಒಳಗೆ ಹೊಸ ಥ್ರೆಡ್ಡಿರೋ ಹಿತ್ತಾಳೆ ಬುಶ್ ಕೂರಿಸಿದರು. ಪ್ಲಗ್ಗು ಎರಡೇ ಬೆರಳಿಗೆ ಬೆಣ್ಣೆ ಹಾಗೆ ಇಳಿಯಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಆಮೇಲೆ ಅವರು ಪಕ್ಕದ ತೂತಿಗೆ ಟಾರ್ಚ್ ಬಿಟ್ಟು, "ಈ ಬುಶ್ಶೂ ನಾನೇ ಹಾಕಿದ್ದು, ಹದಿನೈದು ವರ್ಷ ಆಯ್ತು. ನಿಮ್ಮ ತಾಯಿ ಒಬ್ಬರೇ ಓಡಿಸ್ಕೊಂಡು ಬಂದಿದ್ರು. ಯಜಮಾನರಿಗೆ ಹೇಳ್ಬೇಡಿ ಅಂದಿದ್ರು" ಅಂದರು.

ಅಮ್ಮಾ, ಹಿಂದಿನ ಸೀಟಲ್ಲಿ ಕಣ್ಮುಚ್ಚಿ ಕೂರೋ ನಿನಗೆ ಕಾರು ಓಡಿಸೋಕೆ ಬರುತ್ತಾ?

ನನ್ನ ವಿಷಯಾನೂ ಅಪ್ಪನಿಗೆ ಹೇಳಬೇಡ. ಬೇಗ ಬಂದ್ಬಿಡು, ನನಗೂ ಕಲಿಸು.

ನಿನ್ನ
ವೈಜೂ