ಮಣ್ಣು ಸಂಜೆ ಮನೆಗೆ ಹೋಗುವುದಿಲ್ಲ

ಮಡಕೆ ಸುಡುವ ಆವಿಗೆಯ ಪಕ್ಕದ ಕಟ್ಟೆಯಿಂದ,
ಮಂಗಳವಾರ, ಮೂರನೇ ತಾರೀಕು

ಪ್ರೀತಿಯ ಪುಟ್ಟಿಗೆ,

ಅಕ್ಕನ ಮನೆಯಲ್ಲಿ ಹೇಗಿದ್ದೀಯ? ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ನಿನ್ನ ಅಕ್ಕ ಫೋನಿನಲ್ಲಿ ಚಾಡಿ ಹೇಳಿದಳು. ಭಾವನ ಗೊರಕೆಯಿಂದ ನಿದ್ದೆ ಬರುತ್ತಿಲ್ಲ ಎಂದೆಯಂತೆ. ಪಾಪ, ಆ ಮನುಷ್ಯನ ಗೊರಕೆಯ ಮೇಲೆ ಎಷ್ಟನ್ನು ಹೊರಿಸುತ್ತೀಯ? ನಾವು ಚೆನ್ನಾಗಿದ್ದೇವೆ. ನಿನ್ನ ಅಮ್ಮನಿಗೆ ಮಂಡಿ ನೋವು ಇದ್ದೇ ಇದೆ, ಆದರೆ ನನ್ನನ್ನು ಬೈಯುವ ಶಕ್ತಿ ಏನೂ ಕುಂದಿಲ್ಲ, ಹಾಗಾಗಿ ಚಿಂತೆ ಬೇಡ. ನನಗಿರುವ ಕಾಯಿಲೆ ಒಂದೇ, ಸಿಟ್ಟು. ಹೋದ ಗುರುವಾರ ಏರಿದ್ದು ಇನ್ನೂ ಇಳಿದಿಲ್ಲ. ನಿನ್ನ ಮೇಲೂ ಸ್ವಲ್ಪ ಇದೆ. ಮೊದಲು ಉಳಿದವರದ್ದು ಮುಗಿಸಿ ಆಮೇಲೆ ನಿನ್ನ ಹತ್ತಿರ ಬರುತ್ತೇನೆ.

ಹೊರಡುವಾಗ ನಿನ್ನ ರಾಜೀನಾಮೆ ಪತ್ರವನ್ನು ನನ್ನ ಕೈಗಿಟ್ಟು, "ಹೆಡ್‌ಮಾಸ್ಟರಿಗೆ ತಲುಪಿಸಿಬಿಡಪ್ಪ, ನನಗೆ ಇನ್ನು ಆ ಗೇಟು ದಾಟೋಕಾಗಲ್ಲ" ಎಂದೆಯಲ್ಲ, ಅದನ್ನು ಜೇಬಿನಲ್ಲಿಟ್ಟುಕೊಂಡು ಗುರುವಾರ ಶಾಲೆಗೆ ಹೋದೆ. ಉಗುರಿನ ಸಂದಿಯ ಮಣ್ಣನ್ನೂ ತೆಗೆದು ಮದುವೆ ಗಂಡಿನ ಹಾಗೆ ಹೋಗಿದ್ದೆ. ಹೆಡ್‌ಮಾಸ್ಟರರು ಕುರ್ಚಿ ಕೊಟ್ಟರು, ಚಹಾ ತರಿಸಿದರು. "ನಿಮ್ಮ ಮಗಳಷ್ಟು ಪ್ರಾಮಾಣಿಕರನ್ನು ನಾನು ನೋಡಿಲ್ಲ ಯಜಮಾನ್ರೇ" ಎಂದರು. ನನ್ನ ಎದೆ ಉಬ್ಬಿತು. ಉಬ್ಬಿದ ಎದೆಯ ಗಾಳಿ ಹೋಗುವುದಕ್ಕೆ ಎರಡು ನಿಮಿಷವೂ ಬೇಕಾಗಲಿಲ್ಲ. ಬೀರುವಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹರಡಿದರು. ಈ ವರ್ಷ ನಿನ್ನ ತರಗತಿಯಿಂದ ಶಾಲೆ ಬಿಟ್ಟ ಆರು ಮಕ್ಕಳ ಹೆಸರು, ಪ್ರತಿಯೊಂದರ ಮುಂದೆ 'ಕಾರಣ' ಎಂಬ ಖಾಲಿ ಜಾಗ. ಆರೂ ಕಡೆ ನಿನ್ನ ಮುತ್ತಿನಂಥ ಅಕ್ಷರದಲ್ಲಿ 'ನನ್ನ ತಪ್ಪು' ಎಂದು ಬರೆದಿದ್ದೀಯ. ನೀನು ಎರಡು ಜಡೆ ಎಂದು ಕರೆಯುತ್ತಿದ್ದೆಯಲ್ಲ, ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದ ಆ ಎಂಟನೇ ತರಗತಿಯ ಹುಡುಗಿ, ಅವಳ ಹೆಸರಿನ ಮುಂದೆ ಬರೆದು ಅಡಿಗೆರೆ ಬೇರೆ ಎಳೆದಿದ್ದೀಯ. ಹೆಡ್‌ಮಾಸ್ಟರರು ಆ ಹಾಳೆಯ ಮಡಿಕೆಯನ್ನು ಬೆರಳಿನಿಂದ ನೀವುತ್ತಾ, "ಇದನ್ನು ನೋಡಿದ ಮೇಲೆ ಮೇಲಿನವರು ಏನೂ ಕೇಳಲೇ ಇಲ್ಲ ನೋಡಿ" ಎಂದರು.

ಯಾಕೆ ಕೇಳುತ್ತಾರೆ ಮಗಳೇ? ಕೇಳಿದರೆ ಉತ್ತರ ಹೇಳಬೇಕಾದವರು ಅವರೇ ಅಲ್ಲವೇ? ಗುಡ್ಡದ ಕಡೆಯಿಂದ ಬರುತ್ತಿದ್ದ ಬೆಳಗಿನ ಬಸ್ಸು ನಿಂತು ಎರಡು ತಿಂಗಳಾಯಿತು. ನಿಲ್ಲಿಸಿದವನು ಯಾವ ಹಾಳೆಯ ಮೇಲೆ 'ನನ್ನ ತಪ್ಪು' ಎಂದು ಬರೆದ? ಒಂದು ಕೋಣೆಯಲ್ಲಿ ಅರವತ್ತೆರಡು ಮಕ್ಕಳನ್ನು ತುಂಬಿದವನು ಬರೆದನೇ? ಬಸ್ಸಿಗಾಗಿ ನೀನು ಮೂರು ಸಲ ಅರ್ಜಿ ಕೊಟ್ಟೆ, ಆ ಮೂರೂ ಅದೇ ಬೀರುವಿನಲ್ಲಿ ಬಿದ್ದಿವೆ, ನನ್ನ ಕಣ್ಣಿಗೇ ಬಿದ್ದವು. ತಪ್ಪನ್ನು ಯಾರ ತಲೆಗೆ ಕಟ್ಟಲಿ ಎಂದು ಅವರೆಲ್ಲ ಹುಡುಕುತ್ತಿರುವಾಗ ನೀನಾಗಿಯೇ ಹೋಗಿ ತಲೆ ಬಗ್ಗಿಸಿ ನಿಂತೆ.

ಇನ್ನು ಆ ಅಧಿಕಾರಿಯ ಭಾಷಣ. ಶಿಕ್ಷಕರ ಸಭೆ ಮುಗಿಸಿ ಬಂದ ದಿನ ತಟ್ಟೆಯ ಮುಂದೆ ಕುಳಿತು ನೀನು ಒಪ್ಪಿಸಿದ್ದೆಯಲ್ಲ: "ಮಗು ಹಸಿ ಮಣ್ಣು, ಶಿಕ್ಷಕ ಕುಂಬಾರ. ಮಡಕೆ ಸೊಟ್ಟಗಾದ್ರೆ ಮಣ್ಣನ್ನು ಬೈಬೇಡಿ, ನಿಮ್ಮ ಕೈ ನೋಡ್ಕೊಳ್ಳಿ." ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ತಟ್ಟಲಿ ಬಿಡು, ಅವರು ಮಣ್ಣು ಮುಟ್ಟಿದವರಲ್ಲ. ನೀನು ನಂಬಿದೆಯಲ್ಲ, ಅದು ನನ್ನ ಸಿಟ್ಟು. ಕುಂಬಾರನ ಮನೆಯಲ್ಲಿ ಹುಟ್ಟಿ, ಅಂಬೆಗಾಲಿಡುವಾಗಲೇ ಹಸಿ ಮಡಕೆ ತುಳಿದು ಬೈಸಿಕೊಂಡವಳು ನೀನು. ನಲವತ್ತು ವರ್ಷದಿಂದ ನಿನ್ನ ಅಪ್ಪ ಈ ಕೆಲಸ ಮಾಡುತ್ತಿದ್ದಾನೆ. ಸಂಜೆ ನಾಲ್ಕಕ್ಕೆ ಗಂಟೆ ಹೊಡೆದ ಕೂಡಲೇ ಮಣ್ಣು ಎದ್ದು ಮನೆಗೆ ಹೋದದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಅಪ್ಪ ಅಮ್ಮನ ಜಗಳ ಕೇಳಿ, ಅರೆಹೊಟ್ಟೆ ಮಲಗಿ, ಬೆಳಿಗ್ಗೆ ಬೇರೆಯೇ ಆಕಾರದಲ್ಲಿ ಮರಳಿದ ಮಣ್ಣು ಯಾವುದಿದೆ? ನಾನು ಹದ ಮಾಡಿಟ್ಟದ್ದು ಇಟ್ಟಲ್ಲೇ ಇರುತ್ತದೆ. ಅಷ್ಟು ವಿಧೇಯವಾದ ಮಣ್ಣಿನಿಂದ ಮಾಡಿದ ಮಡಕೆಗಳಲ್ಲೂ ಸುಡುವಾಗ ನೂರಕ್ಕೆ ಹತ್ತು ಬಿರಿಯುತ್ತವೆ. ಗಾಳಿ ತಿರುಗಿತೋ, ಸೌದೆ ಹಸಿಯಾಗಿತ್ತೋ, ನನಗೆ ಗೊತ್ತಾಗುವುದಿಲ್ಲ. ಬಿರಿದ ಹತ್ತನ್ನು ಕೊರಳಿಗೆ ಕಟ್ಟಿಕೊಂಡು ಅಳುತ್ತಾ ಕೂತಿದ್ದರೆ ನೀನು ಯಾವ ಕೂಳು ತಿಂದು ಓದುತ್ತಿದ್ದೆ, ಹೇಳು?

ಶಾಲೆಯಿಂದ ನೇರ ಮನೆಗೆ ಬರಲಿಲ್ಲ. ಎರಡು ಜಡೆಯನ್ನು ಹುಡುಕಿಕೊಂಡು ಹೋದೆ. ಗುಡ್ಡದ ದಾರಿಯಲ್ಲಿ, ಸೈಕಲ್ ರಿಪೇರಿ ಮಾಡುವವನ ಮಗ್ಗುಲಲ್ಲಿ ಅವಳ ಅಮ್ಮನ ಇಸ್ತ್ರಿ ಅಂಗಡಿ. ಒಳಗೆ ಮಂಚದ ಮೇಲೆ ಅಮ್ಮ ಸೊಂಟ ಹಿಡಿದುಕೊಂಡು ಮಲಗಿದ್ದಳು. ಹುಡುಗಿ ಹಲಗೆಯ ಮೇಲೆ ಯಾರದೋ ಪ್ಯಾಂಟಿನ ಗೆರೆ ಸರಿಪಡಿಸುತ್ತಿದ್ದಳು. ನಾನು ಯಾರೆಂದು ಹೇಳಿ, ನೀನು ಊಟ ನಿದ್ದೆ ಬಿಟ್ಟ ಸಂಗತಿಯನ್ನೂ ಹೇಳಿದೆ. ತಡವಾಗಿ ಬಂದದ್ದಕ್ಕೆ ನೀನು ಅವಳನ್ನು ಮೂರು ದಿನ ಬಾಗಿಲ ಹೊರಗೆ ನಿಲ್ಲಿಸಿದೆ, ನಾಲ್ಕನೇ ದಿನ ಅವಳು ಬರಲಿಲ್ಲ, ಆದ್ದರಿಂದ ಅವಳ ಬದುಕು ನಿನ್ನಿಂದಲೇ ಹಾಳಾಯಿತು ಎಂದು ನೀನು ತಿಳಿದಿದ್ದೀಯ ಎಂದೆ. ಹುಡುಗಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಹೊರಗೆ ನಿಲ್ಲಿಸಿದ್ದಕ್ಕೆ ಬೇಜಾರಾಗಿತ್ತು ತಾತ, ಸುಳ್ಳು ಹೇಳಲ್ಲ. ಆದ್ರೆ ಅದಕ್ಕೇ ಬಿಟ್ಟೆ ಅಂತ ಯಾರು ಹೇಳಿದ್ರು? ಅಮ್ಮನ ಸೊಂಟ ಹಿಡ್ಕೊಂಡಿತು, ಬಸ್ಸಿಲ್ಲ. ಅಂಗಡಿ ನಾನು ನೋಡ್ಕೋತೀನಿ ಅಂತ ನಾನೇ ಹೇಳಿದೆ. ಅದನ್ನೂ ಟೀಚರೇ ಮಾಡಿದ್ದು ಅಂದ್ಕೊಂಡ್ರಾ?"

ಅವಳ ದನಿಯಲ್ಲಿ ಕನಿಕರಕ್ಕಿಂತ ಸಿಟ್ಟೇ ಹೆಚ್ಚಿತ್ತು, ಅದು ನನಗೆ ಬಹಳ ಹಿಡಿಸಿತು. ಮನೆಯ ಕಷ್ಟಕ್ಕೆ ಹೆಗಲು ಕೊಟ್ಟವಳು ಅವಳು. ಅವಳ ಆ ದೊಡ್ಡತನವನ್ನೂ ಸೇರಿಸಿ ನಿನ್ನ ಹಾಳೆಯಲ್ಲಿ 'ನನ್ನ ತಪ್ಪು' ಎಂದು ಬರೆದುಕೊಂಡುಬಿಟ್ಟಿದ್ದೀಯ.

ನಿನ್ನದು ಏನೂ ಇಲ್ಲವೆಂದು ಹೇಳಿ ಸಮಾಧಾನ ಮಾಡುವ ಅಪ್ಪ ನಾನಲ್ಲ. ಅಷ್ಟು ದೂರ ನಡೆದು ಬಂದ ಹುಡುಗಿಯನ್ನು ಯಾಕೆ ತಡ ಎಂದೂ ಕೇಳದೆ ಹೊರಗೆ ನಿಲ್ಲಿಸಿದ್ದು ತಪ್ಪು. ಅದು ಹಸಿ ಮಡಕೆಯ ಮೇಲೆ ಬಿದ್ದ ಹೆಬ್ಬೆರಳಿನ ಗುರುತಿನಷ್ಟು. ಅದನ್ನು ನಿನ್ನದೆಂದು ಇಟ್ಟುಕೋ, ಅವಳೊಂದಿಗೆ ಒಂದು ಮಾತು ಆಡಿ ಮುಗಿಸು. ಬಸ್ಸು, ಬಡತನ, ಸೊಂಟ ನೋವು, ಅರವತ್ತೆರಡು ಮಕ್ಕಳ ಕೋಣೆ, ಇವೆಲ್ಲ ನಿನ್ನವಲ್ಲ. ಇಳಿಸು. ನೀನು ಹೊತ್ತುಕೊಂಡಿರುವಷ್ಟು ಕಾಲ ನಿಜವಾಗಿ ಹೊರಬೇಕಾದವರು ಕೈ ಬೀಸಿಕೊಂಡು ತಿರುಗುತ್ತಾರೆ.

ಅಕ್ಕನಿಗೂ ಭಾವನಿಗೂ ನನ್ನ ಆಶೀರ್ವಾದ ತಿಳಿಸು. ಭಾವನಿಗೆ ಎಡ ಮಗ್ಗುಲಾಗಿ ಮಲಗಲು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತಲೆಯ ಮೇಲೆ ನನ್ನ ಮಣ್ಣಿನ ಕೈ ಇಟ್ಟಿದ್ದೇನೆ ಎಂದುಕೋ.

ನಿನ್ನ
ಅಪ್ಪ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಎರಡು ಜಡೆ ಬಂದಳು, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಬಗಲಲ್ಲಿ ಲೆಕ್ಕದ ಪುಸ್ತಕ. ಅಂಗಡಿ ಮುಚ್ಚಿದ ಮೇಲೆ ಸಂಜೆ ಪಾಠ ಹೇಳಿಕೊಡುತ್ತೀಯಾ ಎಂದು ಕೇಳಲು ಬಂದಿದ್ದಾಳೆ. ಬಾ ಒಳಗೆ ಎಂದರೆ ಹೊಸ್ತಿಲ ಆಚೆಯೇ ನಿಂತು ನಗುತ್ತಿದ್ದಾಳೆ. "ಹೊರಗೆ ನಿಲ್ಲಿಸಿದವರೇ ಬಂದು ಒಳಗೆ ಕರೀಲಿ" ಎನ್ನುತ್ತಾಳೆ. ಶನಿವಾರ ಸಂಜೆ ಟೀಚರ್ ಇರುತ್ತಾರೆ ಎಂದು ನಾನು ಮಾತು ಕೊಟ್ಟುಬಿಟ್ಟೆ. ಇನ್ನೊಂದು, ನಿನ್ನ ರಾಜೀನಾಮೆ ಪತ್ರವನ್ನು ಹೆಡ್‌ಮಾಸ್ಟರಿಗೆ ನಾನು ಕೊಡಲೇ ಇಲ್ಲ. ನಿನ್ನೆ ಆವಿಗೆಗೆ ಬೆಂಕಿ ಹಚ್ಚುವಾಗ ಒಣ ಕಾಗದ ಬೇಕಾಗಿತ್ತು, ಚೆನ್ನಾಗಿ ಹತ್ತಿಕೊಂಡಿತು. ಶುಕ್ರವಾರದ ಬಸ್ಸಿಗೇ ಹೊರಡು.