ಮಗ್ಗುಲು ಬದಲಿಸುವ ಹೊತ್ತು

ಮೇ 3, ಬೆಳಿಗ್ಗೆ 6
ದೊಡ್ಡಮ್ಮನಿಗೆ ಕ್ಯಾಲ್ಸಿಯಂ ಟಾನಿಕ್ ಕುಡಿಸಿದ್ದಾಯಿತು. ಇವತ್ತಿಗೆ ಇಪ್ಪತ್ತು ದಿನ. ಹಸುವಾದರೂ ಮನೆಯ ಹಿರಿಯಳ ಗತ್ತು, ಅರ್ಧ ನನ್ನ ಸೀರೆಗೇ ಉಗುಳಿದಳು. ಆರನೇ ಕರು, ಮೂಳೆಗೆ ಬಲ ಬೇಡವೇ? ನನ್ನ ಬಸುರಿನಲ್ಲಿ ನರ್ಸ್ ಕೊಟ್ಟಿದ್ದೂ ಇದೇ ತಾನೆ. ಯಜಮಾನರಿಗೆ ಹೇಳಿಲ್ಲ... ಗೇಲಿ ಮಾಡುತ್ತಾರೆ.

ಮೇ 11
ಹೆಣ್ಣು ಕರು. ಸಲೀಸಾಗಿ ಈದಳು. ಕೆಚ್ಚಲು ತುಂಬ ಹಾಲು. ಅತ್ತೆ ಖುಷಿಯಲ್ಲಿ ಕೊಟ್ಟಿಗೆ ಪೂರ್ತಿ ನೀರು ಸುರಿದು ತೊಳೆದರು.

ಮೇ 12, ಬೆಳಿಗ್ಗೆ 7
ದೊಡ್ಡಮ್ಮ ಬಿದ್ದಿದ್ದಾಳೆ. ಕಿವಿ ತಣ್ಣಗೆ. ಎಬ್ಬಿಸಿದರೂ ಏಳಲಿಲ್ಲ. ಡಾಕ್ಟರು ಬರುವುದು ಸಂಜೆಗಂತೆ. ಯಜಮಾನರು ಅವರಮ್ಮನ ಮೇಲೆ ಹರಿಹಾಯ್ದರು. "ನೆಲ ಒದ್ದೆ ಮಾಡ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ? ಜಾರಿ ಬಿದ್ದಿದೆ ನೋಡು." ಅತ್ತೆ ಗೋಣಿಚೀಲ ತಂದು ನೆಲ ಒರೆಸತೊಡಗಿದರು.

ಸಂಜೆ
ಡಾಕ್ಟರು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರು. ಕಿವಿ ಬೆಚ್ಚಗಾಯಿತು, ಅಷ್ಟೇ.
"ಮೈಯಲ್ಲಿ ಕ್ಯಾಲ್ಸಿಯಂ ಇಳಿದುಹೋಗಿದೆ. ವಯಸ್ಸಾದ, ಜಾಸ್ತಿ ಹಾಲಿನ ಹಸುಗಳಿಗೆ ಈ ಕಾಟ. ಈಯೋಕೆ ಮುಂಚೆ ಟಾನಿಕ್ ಕುಡಿಸಿದ್ರಾ? ಆಗ ಕೊಟ್ರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯೋದನ್ನ ಮೈ ಮರೆತುಬಿಡುತ್ತೆ. ಹಾಲಿಳಿದ ಕೂಡಲೇ ಇದ್ದಿದ್ದೆಲ್ಲ ಹಾಲಿಗೆ ಹೋಗಿ ಹಸು ಮಲಗಿಬಿಡುತ್ತೆ."
"ಅಂಥದ್ದೇನೂ ಇಲ್ಲ ಸಾರ್," ಎಂದರು ಯಜಮಾನರು. "ನೆಲ ಒದ್ದೆಯಿತ್ತು."
"ಹೌದಾ? ಏಳೋಕೆ ಹೋಗಿ ಜಾರಿದ್ರೆ ಇನ್ನೂ ಕಷ್ಟ. ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒಂದೇ ಕಡೆ ಭಾರ ಬಿದ್ರೆ ಕಾಲು ಸತ್ತೇಹೋಗುತ್ತೆ."
ನಾನು ಕರುವಿನ ಬಾಯಿ ಒರೆಸುತ್ತ ನಿಂತಿದ್ದೆ.

ಮೇ 14
ಮೂವರೂ ಸೇರಿ ಹೊರಳಿಸುತ್ತಿದ್ದೇವೆ. ಕೆಳಗೆ ಹುಲ್ಲು, ಗೋಣಿಚೀಲ. ಅತ್ತೆ ಊಟ ಬಿಟ್ಟಿದ್ದಾರೆ. ಅವಳ ಕತ್ತು ನೀವುತ್ತ, "ನನ್ನಿಂದ ಆಯ್ತಲ್ಲೇ ತಾಯಿ," ಅನ್ನುತ್ತಾರೆ. ಟಾನಿಕ್ ಕುಡಿಸಿದ್ದು ನಾನೆಂದು ಹೇಳಿಬಿಡಬೇಕು. ಅವಳು ಎದ್ದು ನಿಲ್ಲಲಿ, ಆಮೇಲೆ ಹೇಳಿದರೆ ಎಲ್ಲರಿಗೂ ಹಗುರ... ಹೇಡಿ ನಾನು.

ಮೇ 18
ನಿನ್ನೆ ರಾತ್ರಿ ಹತ್ತು ಗಂಟೆಗೆ ದೊಡ್ಡಮ್ಮ ಹೋದಳು. ಏಳಲು ಮುಂಗಾಲು ಊರಿದ್ದಳು. ಹಿಂಗಾಲು ಬರಲೇ ಇಲ್ಲ.

ಇವತ್ತು ಅತ್ತೆ ಕರುವಿಗೆ ಬಾಟಲಿ ಹಾಲು ಕುಡಿಸುತ್ತಿದ್ದರು. "ಇದರ ಮುಖ ನೋಡೋಕಾಗಲ್ಲ ಕಣೇ."
ಪಕ್ಕದಲ್ಲಿ ಕೂತೆ. "ತಪ್ಪು ನಿಮ್ಮದಲ್ಲ ಅತ್ತೆ."
"ನೀನು ಒಳ್ಳೆಯವಳು. ಸಮಾಧಾನಕ್ಕೆ ಹೇಳ್ತೀಯ." ತಲೆ ಸವರಿದರು. ನಾನು ಕರುವಿನ ಬಾಟಲಿ ಹಿಡಿದುಕೊಂಡೆ.

ಈಗ ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾರೆ. ಪಾತ್ರೆ ಸದ್ದು. ಯಜಮಾನರು ಬರಲು ಇನ್ನೂ ಅರ್ಧ ಗಂಟೆ. ಈಗಲೇ ಹೋಗಿ ಹೇಳುತ್ತೇನೆ. ಅತ್ತೆ, ನಾನು—